ಮುದಿ ನೌಕರನ ಮೋಡಿ, ಪಟ್ಟಣದ ಲೂಟಿ

ವಿಲ್ಕಿ ಕಾಲಿನ್ಸ್‌ನ 'ದಿ ಮೂನ್‌ಸ್ಟೋನ್' (1868) ಓದಿದವರು ಗೇಬ್ರಿಯಲ್ ಬೆಟರಿಜ್‌ನನ್ನು ಮರೆಯಲಾರರು. ಇಂಗ್ಲೆಂಡಿನ ಸಿರಿವಂತರ ಮನೆಯ ಈ ಮುದಿ ಮೇಲ್ವಿಚಾರಕನೇ ಕಥೆಯ ಮೊದಲ ದೊಡ್ಡ ಭಾಗವನ್ನು ಹೇಳುವವನು. ಅವನ ಬದುಕನ್ನು ತಿದ್ದಿದ್ದು ಒಂದು ಕಾದಂಬರಿ, 'ರಾಬಿನ್ಸನ್ ಕ್ರೂಸೋ'. ಯಾವ ಕಷ್ಟ ಬಂದರೂ ಅದನ್ನೇ ತೆರೆಯುತ್ತಾನೆ. ಆರು ಪ್ರತಿ ಸವೆಸಿ ಏಳನೆಯದನ್ನು ಹಿಡಿದಿದ್ದಾನೆ. ಎಂಥ ಓದುಗನೂ ಅವನಿಗೆ ಮನಸೋಲುತ್ತಾನೆ.

ನನ್ನ ತಕರಾರು ಇರುವುದು ಈ ಮನಸೋಲುವುದರ ಮೇಲೆಯೇ.

ಕಾದಂಬರಿ ಆರಂಭವಾಗುವುದು ನಮ್ಮ ಶ್ರೀರಂಗಪಟ್ಟಣದಲ್ಲಿ. 1799ರ ಮೇ 4, ಟಿಪ್ಪು ಸುಲ್ತಾನ್ ಹುತಾತ್ಮನಾದ ದಿನ. ಹರ್ನ್‌ಕ್ಯಾಸಲ್ ಎಂಬ ಇಂಗ್ಲಿಷ್ ಅಧಿಕಾರಿ ಅರಮನೆಯ ಆಯುಧಶಾಲೆಗೆ ನುಗ್ಗಿ, ವಜ್ರದ ಕಾವಲಿಗಿದ್ದವರನ್ನು ಕೊಂದು ಅದನ್ನು ದೋಚುತ್ತಾನೆ. ಕಳ್ಳ ಯಾರೆಂಬುದರಲ್ಲಿ ಅನುಮಾನವೇ ಇಲ್ಲ. ಆದರೆ ಬೆಟರಿಜ್ ಬಾಯಿ ತೆರೆದ ಕೂಡಲೇ ಲೆಕ್ಕ ತಿರುಗುಮುರುಗಾಗುತ್ತದೆ. ಅವನ ದೂರು ಏನು ಗೊತ್ತೇ? ಒಂದು ಶಾಂತ ಇಂಗ್ಲಿಷ್ ಮನೆಗೆ ಹಿಂದೂಸ್ತಾನದ ವಜ್ರ ದಾಳಿಯಿಟ್ಟಿತು ಎಂಬುದು! ಅದನ್ನು ಮರಳಿ ಪಡೆಯಲು ಬಂದ ಮೂವರು ಭಾರತೀಯರ ಮೇಲೆ ಕಳವಿನ ಸಾಕ್ಷ್ಯವಿಲ್ಲದಿದ್ದರೂ ಅವರೇ ಜೈಲು ಸೇರುತ್ತಾರೆ. ನಾವು ಮುದುಕನ ಹಾಸ್ಯಕ್ಕೆ ನಗುತ್ತಾ ಪುಟ ತಿರುವುತ್ತೇವೆ. (ಅವನ ಆರಾಧ್ಯ ಕ್ರೂಸೋನ ಹಡಗು ಒಡೆದದ್ದು ಗುಲಾಮರನ್ನು ತರಲು ಹೊರಟಾಗ. ಅದೂ ಅವನ ಕಣ್ಣಿಗೆ ಬಿದ್ದಿಲ್ಲ.)

ಕಾಲಿನ್ಸ್ ಪ್ರಾಮಾಣಿಕ ಲೇಖಕ. 1857ರ ಸೇಡು ಇಂಗ್ಲೆಂಡಿನಲ್ಲಿ ಇನ್ನೂ ಆರದ ಹೊತ್ತಿನಲ್ಲಿ ಆತ ವಜ್ರವನ್ನು ಸೋಮನಾಥಕ್ಕೆ ಮರಳಿಸುತ್ತಾನೆ. ಆದರೆ ಅದು ಟಿಪ್ಪುವಿನ ಕೈಸೇರಿದ್ದೂ ಔರಂಗಜೇಬನ ಕಾಲದ ಲೂಟಿಯ ದಾರಿಯಿಂದಲೇ ಎಂದು ಕಥೆ ಕಟ್ಟುತ್ತಾನೆ. ಅಲ್ಲಿಗೆ ಶ್ರೀರಂಗಪಟ್ಟಣಕ್ಕೆ ಏನನ್ನೂ ಮರಳಿಸಬೇಕಾಗಿಲ್ಲ.

ಆ ವಜ್ರ ಕಲ್ಪನೆಯದು, ಲೂಟಿ ಕಲ್ಪನೆಯದಲ್ಲ. ಟಿಪ್ಪುವಿನ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಅದರ ಹುಮಾ ಪಕ್ಷಿ ವಿಂಡ್ಸರ್ ಅರಮನೆ ಸೇರಿತು. ಮರದ ಹುಲಿ ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಸುಮಾರು 2,000 ಗ್ರಂಥಗಳ ಗ್ರಂಥಾಲಯ ಕಲ್ಕತ್ತೆ, ಇಂಗ್ಲೆಂಡ್ ಎಂದು ಚದುರಿತು. ಕಾದಂಬರಿಯಲ್ಲಿ ಜನರಲ್ ಬೇರ್ಡ್, ಕಳ್ಳತನ ಮಾಡಿ ಸಿಕ್ಕಿಬಿದ್ದವರನ್ನು ನೇಣಿಗೇರಿಸುವುದಾಗಿ ಡಂಗುರ ಹೊಡೆಸುತ್ತಾನೆ. ಅದೇ ಬೇರ್ಡ್‌ಗೆ ಸೈನ್ಯ ಕಾಣಿಕೆಯಾಗಿ ಕೊಟ್ಟ ಟಿಪ್ಪುವಿನ ಖಡ್ಗ 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ಕೊಲ್ಲಲ್ಪಟ್ಟವನ ಸೊತ್ತು ಕೊಂದವರ ಕಾಣಿಕೆಯಾದರೆ ಅದಕ್ಕೆ ಕಳವು ಎಂಬ ಹೆಸರಿಲ್ಲವೇ? ಟಿಪ್ಪು ಜಯಂತಿ ಬೇಕು, ಬೇಡ ಎಂದು 2015ರಿಂದ ಬೀದಿಗಿಳಿದಿದ್ದ ಎರಡೂ ಕಡೆಯ ವೀರರು ಈ ಹರಾಜಿಗೆ ಎಷ್ಟು ದನಿ ಎತ್ತಿದರು?

ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಮಕ್ಕಳನ್ನು ದರಿಯಾ ದೌಲತ್‌ಗೆ ಕರೆತರುವ ಮೇಷ್ಟ್ರುಗಳು ಗೋಡೆಯ ಚಿತ್ರ ತೋರಿಸಿ ಬಸ್ಸು ಹತ್ತಿಸುತ್ತಾರೆ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವರು 'ದಿ ಮೂನ್‌ಸ್ಟೋನ್' ಅನ್ನು ಪತ್ತೇದಾರಿ ಕಾದಂಬರಿಗಳ ಅಜ್ಜ ಎಂದು ಹೊಗಳಿ, ಬೆಟರಿಜ್‌ನ ಪಾತ್ರಚಿತ್ರಣಕ್ಕೆ ಹತ್ತು ಅಂಕ ಇಡುತ್ತಾರೆ. ಆ ಮೊದಲ ಕೆಲವು ಪುಟಗಳನ್ನು ಇದೇ ಕೋಟೆಯ ಒಳಗೆ ನಿಂತು, ಇದೇ ಮಕ್ಕಳಿಗೆ ಕನ್ನಡದಲ್ಲಿ ಓದಿ ಹೇಳಲು ಏನು ಅಡ್ಡಿ?