ಹುಳುವಿಗೆ ಎಷ್ಟು ಕಾಲು?



ತಾಳಮಲೆಯ ಕಾಡಂಚಿನಲ್ಲಿ ಕಂಬಳಿಹುಳು ಕಂಡರೆ ಮಕ್ಕಳು ಕೂಗಿ ಓಡುತ್ತಾರೆ. ಅದೇ ತಾಳವಾಡಿ ಸೀಮೆಯಲ್ಲೂ ಗಡಿಯಾಚೆಯ ಚಾಮರಾಜನಗರದಲ್ಲೂ ಇನ್ನೊಂದು ಹುಳುವನ್ನು ಮನೆಯೊಳಗಿಟ್ಟು, ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹಾಕಿ ಸಾಕುತ್ತೇವೆ. ಒಂದಕ್ಕೆ ಹೆದರುತ್ತೇವೆ, ಇನ್ನೊಂದರಿಂದ ಸಂಸಾರ ನಡೆಸುತ್ತೇವೆ. ಆದರೆ ಎರಡರ ಮೈಕಟ್ಟೂ ಒಂದೇ.

ರೇಷ್ಮೆಹುಳುವನ್ನು ನಿಧಾನವಾಗಿ ನೋಡೋಣ. ತಲೆಯ ಹಿಂದೆ ಎದೆಯ 3 ಉಂಗುರಗಳು, ಅವುಗಳ ಹಿಂದೆ ಹೊಟ್ಟೆಯ 10. ಎದೆಯಲ್ಲಿರುವ 3 ಜೊತೆ ಕಾಲುಗಳಿಗೆ ಕೀಲುಗಳಿವೆ, ತುದಿಯಲ್ಲಿ ಉಗುರಿದೆ. ಸೊಪ್ಪಿನ ಅಂಚು ಹಿಡಿಯಲು ಇವು ಬೇಕು. ಹೊಟ್ಟೆಯ ನಡುವೆ 4 ಜೊತೆ, ಕೊನೆಯಲ್ಲಿ 1 ಜೊತೆ ಮೆತ್ತನೆಯ ಕಾಲುಗಳಿವೆ. ಇವಕ್ಕೆ ಕೀಲಿಲ್ಲ, ಪಾದದಲ್ಲಿ ಸಣ್ಣ ಸಣ್ಣ ಕೊಕ್ಕೆಗಳಿವೆ. ಒಟ್ಟು 16. ಮೈ ಬಿಲ್ಲಿನಂತೆ ಬಾಗಿಸಿ ಮೊಳ ಹಾಕುತ್ತಾ ಸಾಗುವ ಹುಳುವಿಗೆ ನಡುವಿನ ಕಾಲುಗಳು ಕಡಿಮೆ. ಆ ನಡಿಗೆಗೆ ಅದೇ ಕಾರಣ. ಇನ್ನು ಉಸಿರಾಟ ಬಾಯಿಂದಲ್ಲ, ಮೈಯ ಎರಡು ಪಕ್ಕದಲ್ಲಿರುವ 9 ಜೊತೆ ರಂಧ್ರಗಳಿಂದ.

ಆ ಮೆತ್ತನೆಯ ಕಾಲುಗಳ ಬೆಲೆ ತಿಳಿಯುವುದು 'ಜ್ವರ'ದ ಹೊತ್ತಿನಲ್ಲಿ. ನಮ್ಮ ರೈತರು ಹೀಗೆ ಕರೆದರೂ ಅದು ಕಾಯಿಲೆಯಲ್ಲ, ಪೊರೆ ಬಿಡುವ ಕಾಲ. ಹುಳು ಬೆಳೆದರೂ ಚರ್ಮ ಅಷ್ಟು ಹಿಗ್ಗುವುದಿಲ್ಲ. ಆದ್ದರಿಂದ 4 ಸಲ ಹಳೆಯದನ್ನು ಕಳಚಬೇಕು. ಆಗ ಹುಳು ಸ್ವಲ್ಪ ನೂಲು ಬಿಟ್ಟು, ಕೊಕ್ಕೆಗಳಿಂದ ಅದನ್ನು ಹಿಡಿದು, ತಲೆಯೆತ್ತಿ ಅಲುಗದೆ ನಿಲ್ಲುತ್ತದೆ. ಹಳೆಯ ಚರ್ಮ ಅಲ್ಲೇ ಅಂಟಿಕೊಂಡಿದ್ದರೆ ತಾನೇ ಮುಂದಕ್ಕೆ ನುಸುಳಿ ಹೊರಬರಬಹುದು. ಆ ಹೊತ್ತಿನಲ್ಲಿ ಯಾರಾದರೂ ಎತ್ತಿ ಬೇರೆಡೆ ಇಟ್ಟರೆ ಹಿಡಿತ ತಪ್ಪುತ್ತದೆ, ಪೊರೆ ಸಲೀಸಾಗಿ ಬಿಡುವುದಿಲ್ಲ. ಕೆಲವು ಸಾಯುತ್ತವೆ, ಕೆಲವು ಹಿಂದೆ ಬೀಳುತ್ತವೆ. ಕೊನೆಗೆ ಅರ್ಧ ಹುಳು ಚಂದ್ರಿಕೆ ಏರುವಾಗ ಉಳಿದರ್ಧ ಸೊಪ್ಪು ಮೇಯುತ್ತಿರುತ್ತದೆ. ಆ ಬೆಳೆಯನ್ನೇ ನಂಬಿ ಸಾಲ ಮಾಡಿದ, ಮಕ್ಕಳ ಫೀಸು ಕಟ್ಟಬೇಕಾದ ಮನೆಗೆ ಇದು ಸಣ್ಣ ಮಾತಲ್ಲ.

ಅದಕ್ಕೇ ಹಿರಿಯರು ಜ್ವರದಲ್ಲಿ ಸೊಪ್ಪು ನಿಲ್ಲಿಸಿ, ಸುಣ್ಣದ ಪುಡಿ ಉದುರಿಸಿ, ಹಾಸಿಗೆಯನ್ನು ಒಣಗಿಸಿ ಇಡುತ್ತಾರೆ. ಕೈ ಹಾಕುವುದಿಲ್ಲ. ಅಲುಗದ ಹುಳು ಸುಮ್ಮನಿರುವಂತೆ ಕಂಡರೂ ಅದರ ದೊಡ್ಡ ಕೆಲಸ ಆಗಲೇ ನಡೆದಿರುತ್ತದೆ.

ಮುಂದೆ ಚಿಟ್ಟೆಯಾದಾಗ ಎದೆಯ 6 ಕಾಲುಗಳು ಹೊಸ ರೂಪದಲ್ಲಿ ಉಳಿಯುತ್ತವೆ. ಮೆತ್ತನೆಯ 10 ಇಲ್ಲವಾಗುತ್ತವೆ. ಬೇಕಾದ ದಿನಗಳಲ್ಲಿ ಗಟ್ಟಿಯಾಗಿ ಹಿಡಿದವು, ಅಷ್ಟು ಸಾಕು.

ಮುಂದಿನ ಜ್ವರಕ್ಕೆ ಮಕ್ಕಳನ್ನು ತಟ್ಟೆಯ ಬಳಿ ಕರೆಯಿರಿ. ಕಾಲುಗಳನ್ನು ಎಣಿಸಲಿ, ಆದರೆ ಕೈ ಕಟ್ಟಿಕೊಂಡು, ಕಣ್ಣಿನಲ್ಲೇ.