ಬಾಡಿಗೆ ಕಾರಿನ ಬಿಲ್ಲು, ಮನೆಯಾಕೆಯ ಅಕ್ಷರ



ಚಿಂಚೋಳಿ ತಾಲೂಕಿನ ಕುಂಚಾವರಂ ತೆಲಂಗಾಣದ ಗಡಿ ಸಮೀಪದ ಕಾಡಿನ ಊರು. ಸುತ್ತಮುತ್ತ ತಾಂಡಾಗಳು. ಅಲ್ಲಿ ರಸ್ತೆ, ಚರಂಡಿ, ಶಾಲೆಯ ಕಾಂಪೌಂಡು ಕಟ್ಟಿಸುವ ಸಣ್ಣ ಗುತ್ತೇದಾರರಿಗೆ ಕಾರಿಲ್ಲದೆ ಕೆಲಸ ಸಾಗುವುದಿಲ್ಲ. ಇಂಜಿನಿಯರರ ಸಹಿಗೆ ಚಿಂಚೋಳಿ, ಸಿಮೆಂಟಿಗೆ ಸೇಡಂ, ಹಾಸುಗಲ್ಲಿಗೆ ಶಹಾಬಾದ್, ಬಿಲ್ಲಿನ ಬೆನ್ನು ಹತ್ತಲು ಕಲಬುರಗಿ. ಸ್ವಂತ ಕಾರು ಇಲ್ಲದವರು ಬಾಡಿಗೆಗೆ ತರುತ್ತಾರೆ.

ಅಂತಹ ಒಬ್ಬ ಗುತ್ತೇದಾರರ ಪತ್ನಿ ಒಂದು ಸಂಜೆ ಪ್ಲಾಸ್ಟಿಕ್ ಚೀಲ ಹಿಡಿದು ನನ್ನ ಬಳಿಗೆ ಬಂದಳು. ಆಕೆಯ ಮಗಳು ನನ್ನ ವಿದ್ಯಾರ್ಥಿನಿ. ಚೀಲದ ತುಂಬ ಚೀಟಿಗಳು. ಅವುಗಳ ನಡುವೆ ಕಾರಿನವನು ಸಹಿ ಹಾಕಿ ಕೊಟ್ಟ ಎಂಟು ಖಾಲಿ ಬಿಲ್ಲುಗಳು. ನಾದಿನಿಯ ಮದುವೆಗೆಂದು ಮೂರು ದಿನ ಬೀದರಿಗೆ ಓಡಿಸಿದ ಕಾರಿನ ಬಾಡಿಗೆಯನ್ನೂ 'ಕಾಮಗಾರಿ ಪರಿಶೀಲನೆ' ಎಂದು ಬರೆಯಲು ಪತಿ ಹೇಳಿದ್ದರು. ಮನೆಯಲ್ಲಿ ಆಕೆಯ ಅಕ್ಷರವೇ ಚೆನ್ನಾಗಿರುವುದು. "ಆಪಾ, ಹೇಳಿದವರು ಅವರು, ಬರೆಯುವವಳು ನಾನು. ಗುನಾಹ್ ಯಾರದು?" ಎಂದು ಕೇಳಿದಳು.

ಪ್ರಶ್ನೆ ಸಣ್ಣದಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಲೆಕ್ಕದ ಪುಸ್ತಕ ಹೆಂಗಸರ ಕೈಯಲ್ಲೇ ಇರುತ್ತದೆ. ಆದ್ದರಿಂದ ಕಾನೂನು ಏನು ಹೇಳುತ್ತದೆಂದು ಮೊದಲು ತಿಳಿಯೋಣ.

ಬಾಡಿಗೆ ಕಾರಿನ ಖರ್ಚನ್ನು ವ್ಯಾಪಾರದ ಖರ್ಚೆಂದು ತೋರಿಸುವುದು ತಪ್ಪಲ್ಲ, ಅದು ಹಕ್ಕು. 1961ರ ಆದಾಯ ತೆರಿಗೆ ಕಾಯ್ದೆಯ 37ನೇ ಕಲಮಿನ ಪ್ರಕಾರ ಖರ್ಚು ಪೂರ್ತಿಯಾಗಿ ಮತ್ತು ಕೇವಲ ವ್ಯಾಪಾರಕ್ಕಾಗಿಯೇ ಆಗಿರಬೇಕು, ಸ್ವಂತದ್ದಾಗಿರಬಾರದು. 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ತಂದ 2025ರ ಹೊಸ ಕಾಯ್ದೆಯಲ್ಲೂ ಇದೇ ತತ್ವ ಉಳಿದಿದೆ. ಸ್ವಂತ ಕಾರು ಕೊಂಡರೆ ಅದರ ಬೆಲೆಯನ್ನು ಒಂದೇ ವರ್ಷದಲ್ಲಿ ಕಳೆಯಲಾಗದು. ವರ್ಷಕ್ಕೆ ಸಾಮಾನ್ಯವಾಗಿ ಶೇ. 15ರಷ್ಟು ಸವಕಳಿ ಮಾತ್ರ ಸಿಗುತ್ತದೆ. ಕೆಲಸಕ್ಕೆ ತಂದ ಬಾಡಿಗೆ ಕಾರಿನದ್ದಾದರೆ ಆ ವರ್ಷದ ಬಾಡಿಗೆಯೆಲ್ಲ ಖರ್ಚೇ.

ಆದರೆ ಇಲ್ಲಿ ಅನೇಕರಿಗೆ ಗೊತ್ತಿಲ್ಲದ ವಿಷಯವೊಂದಿದೆ. ಸಣ್ಣ ಗುತ್ತೇದಾರರು ಹೆಚ್ಚಾಗಿ 44ಎಡಿ ಎಂಬ ಸರಳ ಪದ್ಧತಿಯಲ್ಲಿ ರಿಟರ್ನ್ ಸಲ್ಲಿಸುತ್ತಾರೆ. ವರ್ಷದ ವಹಿವಾಟು 2 ಕೋಟಿ ರೂ. ಒಳಗಿದ್ದರೆ ಈ ಸೌಲಭ್ಯವುಂಟು; ನಗದು ಸ್ವೀಕೃತಿ ಶೇ. 5ನ್ನು ಮೀರದಿದ್ದರೆ 3 ಕೋಟಿಯವರೆಗೂ ಉಂಟು. ಬ್ಯಾಂಕಿನ ಮೂಲಕ ಬಂದ ಹಣಕ್ಕೆ ಶೇ. 6, ನಗದಾಗಿ ಬಂದುದಕ್ಕೆ ಶೇ. 8 ಲಾಭವೆಂದು ಕಾನೂನೇ ಹಿಡಿಯುತ್ತದೆ. ನಿಜವಾಗಿ ಅದಕ್ಕಿಂತ ಹೆಚ್ಚು ಉಳಿದಿದ್ದರೆ ಹೆಚ್ಚೇ ತೋರಿಸಬೇಕು. ಉಳಿದ ಖರ್ಚುಗಳೆಲ್ಲ ಅದರೊಳಗೇ ಕಳೆದಂತೆ. ಕಾರಿನ ಬಾಡಿಗೆಯನ್ನು ಮತ್ತೆ ಬೇರೆಯಾಗಿ ಕಳೆಯಲು ಬರುವುದಿಲ್ಲ.

ಆಕೆಯ ಪತಿಯ ಲೆಕ್ಕವನ್ನೇ ನೋಡಿ. ವರ್ಷದ ಬಿಲ್ಲುಗಳು 60 ಲಕ್ಷ, ಎಲ್ಲವೂ ಬ್ಯಾಂಕಿಗೇ ಜಮಾ. ಶೇ. 6ರಂತೆ ಲಾಭ 3 ಲಕ್ಷ 60 ಸಾವಿರ. ಕೈಯಲ್ಲಿ ನಿಜವಾಗಿ ಉಳಿದುದೂ ಅದಕ್ಕಿಂತ ಹೆಚ್ಚಿರಲಿಲ್ಲ. 2025-26ರ ಆರ್ಥಿಕ ವರ್ಷಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಇಂತಹ ಆದಾಯಕ್ಕೆ ರಿಯಾಯಿತಿಯ ಕಾರಣ ತೆರಿಗೆಯೇ ಬೀಳದು. ಬಿಲ್ಲು ಪಾವತಿಸುವಾಗ ಶೇ. 1ರಂತೆ ಮುರಿದುಕೊಂಡ ಟಿಡಿಎಸ್ 60 ಸಾವಿರವೂ ರಿಟರ್ನ್ ಸಲ್ಲಿಸಿದರೆ ಮರಳಿ ಬರುತ್ತದೆ. ಹಾಗಾದರೆ ಆ ಎಂಟು ಖಾಲಿ ಬಿಲ್ಲುಗಳಿಂದ ಉಳಿಯುವುದೇನು? ಒಂದು ರೂಪಾಯಿಯೂ ಇಲ್ಲ! ಲಾಭವೇ ಇಲ್ಲದ ಸುಳ್ಳಿಗಾಗಿ ಮನೆಯಾಕೆಯ ಅಕ್ಷರವನ್ನು ಕೆಡಿಸುವುದೇಕೆ?

ಬಾಡಿಗೆಯ ಖರ್ಚು ನಿಜವಾಗಿ ಉಪಯೋಗಕ್ಕೆ ಬರುವುದು ವಹಿವಾಟು ದೊಡ್ಡದಿದ್ದವರಿಗೆ, ಅಥವಾ ಶೇ. 6ರಷ್ಟೂ ಲಾಭ ಉಳಿಯದೆ ಪೂರ್ಣ ಲೆಕ್ಕ ಇಡುವವರಿಗೆ. ಒಮ್ಮೆ ಸರಳ ಪದ್ಧತಿ ಹಿಡಿದು, ನಂತರದ ವರ್ಷಗಳಲ್ಲಿ ಅದನ್ನು ಬಿಟ್ಟರೆ ಐದು ವರ್ಷ ಮತ್ತೆ ಅದಕ್ಕೆ ಮರಳಲಾಗದು. ಆದಾಯ ಮಿತಿ ದಾಟಿದರೆ ಲೆಕ್ಕ ತಪಾಸಣೆಯೂ ಆಗಬೇಕು. ಆದ್ದರಿಂದ ಲೆಕ್ಕಪರಿಶೋಧಕರನ್ನು ಕೇಳದೆ ಅವಸರ ಬೇಡ.

ಪೂರ್ಣ ಲೆಕ್ಕ ಇಡುವ ಮನೆಯಾದರೆ ಈ ಮಾತುಗಳನ್ನು ನೆನಪಿಡಿ.

ಮೊದಲನೆಯದು, ಬಿಲ್ಲು. ಅದರಲ್ಲಿ ದಿನಾಂಕ, ಕಾರಿನ ನಂಬರು, ಕಿಲೋಮೀಟರು, ಮೊತ್ತ ಇರಲಿ. ಕಾರು ಹಳದಿ ನಂಬರ್ ಪ್ಲೇಟಿನದ್ದಾಗಿರಲಿ. ಬಿಳಿ ಪ್ಲೇಟಿನ ಖಾಸಗಿ ಕಾರನ್ನು ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸುವುದು 1988ರ ಮೋಟಾರು ವಾಹನ ಕಾಯ್ದೆಗೆ ವಿರುದ್ಧ.

ಎರಡನೆಯದು, ನೋಟುಬುಕ್ಕು. ಎಲ್ಲಿಂದ ಎಲ್ಲಿಗೆ, ಯಾವ ಕಾಮಗಾರಿಗೆ, ಯಾರು ಹೋದರು ಎಂದು ಅದೇ ದಿನ ಒಂದು ಸಾಲು ಬರೆಯಿರಿ. ಕಲಬುರಗಿಗೆ ಬಿಲ್ಲಿನ ಕೆಲಸಕ್ಕೆ ಹೋದ ದಿನವೇ ಮಗುವನ್ನು ಆಸ್ಪತ್ರೆಗೆ ತೋರಿಸಿದ್ದರೆ ಅದನ್ನೂ ಬರೆದು, ಮನೆಯ ಪಾಲನ್ನು ಖರ್ಚಿನಿಂದ ಬಿಡಿ.

ಮೂರನೆಯದು, ಪಾವತಿ. ಒಬ್ಬ ಕಾರಿನವನಿಗೆ ಒಂದೇ ದಿನ 10,000 ರೂ.ಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚು ಪೂರ್ತಿ ತಿರಸ್ಕೃತವಾಗುತ್ತದೆ. ಬ್ಯಾಂಕಿನಿಂದಲೋ ಯುಪಿಐ ಮೂಲಕವೋ ಕೊಟ್ಟುಬಿಡಿ. ಇನ್ನು, ಸಾಮಾನ್ಯ ಬಾಡಿಗೆ ಕಾರಿನ ಮೇಲೆ ಕೊಟ್ಟ ಜಿಎಸ್‌ಟಿಯನ್ನು ಗುತ್ತೇದಾರರು ಮರಳಿ ಪಡೆಯಲಾಗದೆಂಬುದೂ ನೆನಪಿರಲಿ.

ಇನ್ನೊಂದು ಮಾತು, ಇದು ನೇರವಾಗಿ ನಿಮಗೇ. ಕೆಲವು ಮನೆಗಳಲ್ಲಿ ಪತ್ನಿಯ ಹೆಸರಿಗೆ ಕಾರು ಕೊಂಡು, ಪತಿಯ ವ್ಯಾಪಾರದಿಂದ ಆಕೆಗೆ 'ಬಾಡಿಗೆ' ಕೊಟ್ಟಂತೆ ಬರೆಯುತ್ತಾರೆ. ಹತ್ತಿರದ ಸಂಬಂಧಿಗೆ ಮಾರುಕಟ್ಟೆ ದರಕ್ಕಿಂತ ಹೆಚ್ಚು ಕೊಟ್ಟರೆ ಹೆಚ್ಚಿನ ಭಾಗವನ್ನು ಅಧಿಕಾರಿ ತಳ್ಳಿಹಾಕಬಹುದು. ಪತಿಯೇ ಉಡುಗೊರೆಯಾಗಿ ಕೊಟ್ಟ ಆಸ್ತಿಯ ಆದಾಯ ಮತ್ತೆ ಪತಿಯ ಆದಾಯಕ್ಕೇ ಸೇರುತ್ತದೆ. ಕಾಗದದ ಮೇಲೆ ನಿಮ್ಮ ಹೆಸರಿದ್ದರೆ ಉತ್ತರ ಹೇಳಬೇಕಾದವರೂ ನೀವೇ. ಆದ್ದರಿಂದ ಓದದೆ ಯಾವುದಕ್ಕೂ ಸಹಿ ಹಾಕಬೇಡಿ. ಲೆಕ್ಕದಲ್ಲಿ ಸುಳ್ಳು ಬಿಲ್ಲು ಸೇರಿಸಿದರೆ ಆ ಬಿಲ್ಲಿನ ಮೊತ್ತದಷ್ಟೇ ದಂಡ ಹಾಕುವ ಅವಕಾಶವನ್ನು 2020ರಲ್ಲಿ ಕಾನೂನಿಗೆ ಸೇರಿಸಲಾಯಿತು. ಬರೆಸಿದವರಿಗೂ ಅದು ತಗಲುತ್ತದೆ.

ಆಕೆಯ ಪ್ರಶ್ನೆಗೆ ಬರೋಣ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಅಲ್ ಬಕರ ಅಧ್ಯಾಯದ 282ನೆಯದು. ಅದು ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ಬರೆಯುವವರು ನ್ಯಾಯವಾಗಿ ಬರೆಯಬೇಕೆಂಬ ಹೊಣೆಯನ್ನು ಅದು ಬರೆಯುವವರ ಮೇಲೆಯೇ ಇಟ್ಟಿದೆ. ಹೇಳಿಸಿದವರ ಹೊಣೆ ಅವರಿಗೆ, ಪೆನ್ನು ಹಿಡಿದವರ ಹೊಣೆ ಪೆನ್ನು ಹಿಡಿದವರಿಗೆ. ನಾನು ಆಕೆಗೆ ಇಷ್ಟನ್ನೇ ಹೇಳಿದೆ. ಜೊತೆಗೆ, ಪತಿಯೊಂದಿಗೆ ಜಗಳವಾಡುವ ಮೊದಲು ಆ 3 ಲಕ್ಷ 60 ಸಾವಿರದ ಲೆಕ್ಕವನ್ನು ಕಾಗದದಲ್ಲಿ ಬರೆದು ಮುಂದಿಡು ಎಂದೆ.

ಮೊದಲು ಅವರಿಗೆ ಸಿಟ್ಟು ಬಂತಂತೆ. ಎರಡು ದಿನ ಮಾತೇ ಇಲ್ಲ. ಮೂರನೆಯ ದಿನ ತಾವೇ ಹೋಗಿ ಲೆಕ್ಕಪರಿಶೋಧಕರನ್ನು ಕೇಳಿ ಬಂದರು. ಖಾಲಿ ಬಿಲ್ಲುಗಳು ಕಾರಿನವನಿಗೆ ವಾಪಸಾದವು. ಈಗ ಆ ಮನೆಯಲ್ಲಿ ಒಂದು ನೋಟುಬುಕ್ಕಿದೆ. ಎಡಗಡೆ 'ಕೆಲಸ', ಬಲಗಡೆ 'ಮನೆ'. ಬೀದರಿನ ಮದುವೆಯ ಮೂರು ದಿನಗಳು ಬಲಗಡೆ ಇವೆ, ಆಕೆಯ ಚೆಂದದ ಅಕ್ಷರದಲ್ಲಿ.

ನಿಮ್ಮ ಮನೆಯಲ್ಲೂ ಚೀಟಿಗಳ ಚೀಲವೊಂದು ಇದ್ದೀತು. ಈ ವಾರ ಅದನ್ನೊಮ್ಮೆ ಬಿಚ್ಚಿ ನೋಡುವಿರಾ?