ಸಹಜದಂತ ಸಂರಕ್ಷಣೆ: ಒಂದು ವಿಚಾರ

ತಕಾರದಿಂದ ನಕಾರದವರೆಗಿನ ಐದು ವರ್ಣಗಳನ್ನು ನಮ್ಮ ವೈಯಾಕರಣರು ದಂತ್ಯಗಳೆಂದು ಕರೆದಿದ್ದಾರೆ. ಮುಂದಿನ ಹಲ್ಲು ಹೋದವರ ಬಾಯಲ್ಲಿ ಈ ವರ್ಣಗಳು ಹೇಗೆ ಸಡಿಲಗೊಳ್ಳುವುವೆಂಬುದನ್ನು ಪಾಠ ಹೇಳುವವರೆಲ್ಲರೂ ಬಲ್ಲರು. ಆದಕಾರಣ ಭಾಷಾಪಂಡಿತನೊಬ್ಬನು ಹಲ್ಲಿನ ವಿಚಾರವನ್ನು ಎತ್ತಿಕೊಂಡರೆ ವಾಚಕರು ಅದನ್ನು ಅಧಿಕಪ್ರಸಂಗವೆಂದು ಎಣಿಸಲಾರರೆಂದು ನಂಬಿದ್ದೇನೆ. ಚಿಕಿತ್ಸೆಯ ಕ್ರಮ ವೈದ್ಯರಿಗೆ ಸೇರಿದ್ದು, ನಿಜ. ಯಾವುದನ್ನು ಕಳೆಯಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ವಿವೇಕವಾದರೋ ಹಲ್ಲಿನ ಒಡೆಯನಿಗೂ ಸೇರಿದ್ದು.

ಹಲ್ಲಿನ ಹೊರಕವಚವಾದ ಎನಾಮಲ್ ಮಾನವದೇಹದಲ್ಲೇ ಅತ್ಯಂತ ಕಠಿಣವಾದ ವಸ್ತು. ತೂಕದಲ್ಲಿ ಅದರ ನೂರಕ್ಕೆ ಸುಮಾರು 96 ಪಾಲು ಖನಿಜ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಗಾಯಗೊಂಡ ಚರ್ಮ ಮತ್ತೆ ಬೆಳೆಯುತ್ತದೆ. ಎನಾಮಲನ್ನು ನಿರ್ಮಿಸಿದ ಜೀವಕೋಶಗಳೋ ಹಲ್ಲು ಹೊರಗೆ ಕಾಣಿಸಿಕೊಳ್ಳುವ ಹೊತ್ತಿಗೇ ನಶಿಸಿಹೋಗಿರುತ್ತವೆ. ಆದ್ದರಿಂದ ಒಮ್ಮೆ ಅರೆದು ತೆಗೆದ ಎನಾಮಲ್ ಮರಳಿ ಬಾರದು.

ಹಳೆಯ ಕ್ರಮದಲ್ಲಿ ಈ ನಷ್ಟ ಬಹುಮಟ್ಟಿಗೆ ಅನಿವಾರ್ಯವಾಗಿತ್ತು. ಬೆಳ್ಳಿ-ಪಾದರಸದ ಮಿಶ್ರಣ ಹಲ್ಲಿಗೆ ತಾನಾಗಿ ಅಂಟುವುದಿಲ್ಲ; ಅದು ಕಳಚಿ ಬೀಳದಿರಲೆಂದು ಕುಳಿಯನ್ನು ಒಳಗೆ ಅಗಲವಾಗಿ ಕೊರೆಯಬೇಕಾಗಿತ್ತು. ಕ್ಯಾಪ್ ಕೂರಿಸಬೇಕಾದರೆ ಹಲ್ಲನ್ನು ಸುತ್ತಲೂ ಅರೆದು ಮೋಟು ಗೂಟದಂತೆ ಮಾಡಬೇಕು. ಅಮೆರಿಕದ ದಂತವೈದ್ಯಾಚಾರ್ಯ ಜಿ. ವಿ. ಬ್ಲ್ಯಾಕ್ ಅವರು, ಮುಂದೆ ಹುಳುಕು ಹತ್ತದಿರಲೆಂದು ಕುಳಿಯನ್ನು ಆರೋಗ್ಯವಾಗಿರುವ ಭಾಗಕ್ಕೂ ವಿಸ್ತರಿಸಬೇಕೆಂದು ಬೋಧಿಸಿದರು. ಅಂಟಿಸುವ ವಿದ್ಯೆಯಿಲ್ಲದ ಆ ಕಾಲಕ್ಕೆ ಅದು ಯುಕ್ತವೇ ಆಗಿತ್ತು.

ಆ ವಿದ್ಯೆಗೆ ಅಡಿಗಲ್ಲು ಬಿದ್ದುದು 1955ರಲ್ಲಿ. ಲೋಹಕ್ಕೆ ಬಣ್ಣ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲವನ್ನು ಬಳಸುವುದನ್ನು ಗಮನಿಸಿ, ಅಮೆರಿಕದ ರಾಚೆಸ್ಟರ್ ನಗರದ ಮೈಕೇಲ್ ಬ್ಯುವೊನೊಕೋರ್ ಅವರು ಅದನ್ನೇ ಎನಾಮಲಿನ ಮೇಲೆ ಪ್ರಯೋಗಿಸಿದರು. ಆಮ್ಲ ತಾಗಿದ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಮೂಡಿದುವು. ರಾಳ ಅವುಗಳೊಳಗೆ ಇಳಿದು ಬಿಗಿಯಾಗಿ ಕಚ್ಚಿಕೊಂಡಿತು. 1983ರಲ್ಲಿ ಸೈಮನ್‌ಸನ್ ಮತ್ತು ಕಲಾಮಿಯ ಎಂಬಿಬ್ಬರು, ಹೈಡ್ರೊಫ್ಲೋರಿಕ್ ಆಮ್ಲದಿಂದ ಪಿಂಗಾಣಿಯ ಒಳಮೈಯನ್ನೂ ಹಾಗೆಯೇ ಹದಗೊಳಿಸಬಹುದೆಂದು ತೋರಿಸಿದರು. ಸಿಲೇನ್ ಎಂಬ ದ್ರವ್ಯವನ್ನು ಅದರ ಮೇಲೆ ಸವರಿದರೆ ಪಿಂಗಾಣಿಗೂ ರಾಳಕ್ಕೂ ರಾಸಾಯನಿಕ ಬೆಸುಗೆ ಏರ್ಪಡುತ್ತದೆ. ಕೈಯಲ್ಲಿ ಹಿಡಿದರೆ ಒಡೆಯುವಷ್ಟು ತೆಳುವಾದ ಪಿಂಗಾಣಿಯ ಪದರ, ಹಲ್ಲಿಗೆ ಅಂಟಿದ ಬಳಿಕ ಅದರೊಡನೆ ಒಂದಾಗಿ ಭಾರವನ್ನು ಹೊರುತ್ತದೆ.

ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಹಳೆಯದು ಲೋಪಸಂಧಿ. ‘ಊರು’ ‘ಅಲ್ಲಿ’ ಕೂಡಿ ‘ಊರಲ್ಲಿ’ ಆಗುವಾಗ ಒಂದು ಸ್ವರ ಅಳಿಯಲೇಬೇಕು. ಹೊಸದು ಆಗಮಸಂಧಿ, ‘ಮನೆಯನ್ನು’ ಎಂಬಲ್ಲಿ ನಡುವೆ ಬಂದ ಯಕಾರ ಎರಡನ್ನೂ ಉಳಿಸಿ ಕೂಡಿಸುತ್ತದೆ. ಇಲ್ಲಿಯೂ ಕಿಂಚಿತ್ ಲೋಪ ಉಂಟು. ಪ್ರಮಾಣದಲ್ಲಿ ಮಾತ್ರ ಅಜಗಜಾಂತರ. ಎಡೆಲ್‌ಹಾಫ್ ಮತ್ತು ಸೋರೆನ್‌ಸೆನ್ ಅವರು 2002ರಲ್ಲಿ ಪ್ರಕಟಿಸಿದ ಅಳತೆಯಂತೆ, ಮುಂದಿನ ಹಲ್ಲಿಗೆ ಪೂರ್ಣ ಕ್ಯಾಪ್ ತೊಡಿಸಲು ಅದರ ಮೇಲುಭಾಗದಲ್ಲಿ ನೂರಕ್ಕೆ 63ರಿಂದ 72 ಪಾಲು ಹೋಗುತ್ತದೆ. ಪಿಂಗಾಣಿಯ ಪದರವನ್ನು ಅಂಟಿಸುವಲ್ಲಿ ಹೋಗುವುದು 3ರಿಂದ 30 ಪಾಲು.

ಹಾಗೆಂದು ಕ್ಯಾಪ್ ಎಂಬುದೇ ತ್ಯಾಜ್ಯವೆಂದು ನಾನು ಹೇಳುತ್ತಿಲ್ಲ. ಬಹುಭಾಗ ನಾಶವಾದ ಹಲ್ಲಿಗೆ ಅದೇ ಶರಣು. ಅಂಟಿಸುವ ಕೆಲಸಕ್ಕೆ ತಾಳ್ಮೆ ಬೇಕು. ಎಂಜಲು ತಾಗದಂತೆ ರಬ್ಬರಿನ ಹಾಳೆಯನ್ನು ಕಟ್ಟಿ ಹಲ್ಲನ್ನು ಒಣದಾಗಿ ಇಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅಂಟು ದೃಢವಾಗಿ ನಿಲ್ಲುವುದು ಎನಾಮಲಿನ ಮೇಲೆ. ಅದರ ಕೆಳಗಿನ ಡೆಂಟಿನ್ ಮೇಲೆ ಆ ಭರವಸೆ ಕಡಿಮೆ. ಅಂದಮೇಲೆ ನಾವು ಉಳಿಸಿಕೊಂಡ ಭಾಗವೇ ನಾವು ಜೋಡಿಸಿದ ಭಾಗವನ್ನು ಹಿಡಿದಿಡುತ್ತದೆ. ಧಾರಾಳವಾಗಿ ಅರೆದು ಆಮೇಲೆ ಅಂಟಿಸಹೊರಟವರು ಬೇರನ್ನು ಕಡಿದು ಕೊಂಬೆಗೆ ನೀರೆರೆದಂತೆ.

ಈ ಮಾತನ್ನು ಈಗ ಹೇಳಬೇಕಾದುದಕ್ಕೆ ಕಾರಣವುಂಟು. ಹಲ್ಲನ್ನುಳಿಸಲು ಹುಟ್ಟಿದ ಈ ವಿದ್ಯೆಯೇ ಇಂದು ಅಂದದ ಹೆಸರಿನಲ್ಲಿ ಆರೋಗ್ಯವಂತ ಹಲ್ಲನ್ನು ಅರೆಯುವುದಕ್ಕೂ ನೆಪವಾಗುತ್ತಿದೆ. ಮದುವೆಗೆ ಮುನ್ನ ಮುಂದಿನ ಹಲ್ಲುಗಳ ಸಾಲನ್ನೇ ಬೆಳ್ಳಗೆ ಹೊದಿಸಿಕೊಳ್ಳುವ ತರುಣರಿಗೆ, ಆ ಹೊದಿಕೆ ಮುಂದೆಂದಾದರೂ ಬದಲಾಗಬೇಕಾಗುವುದೆಂದು ಹೇಳುವವರು ವಿರಳ. ಓರೆಯಾದ ಹಲ್ಲಿಗೆ ತಂತಿ ಕಟ್ಟಿಸುವ ಉಪಾಯವಿದೆ. ಮಾಸಿದ ಹಲ್ಲನ್ನು ಅನೇಕವೇಳೆ ಅರೆಯದೆಯೇ ಬಿಳುಪು ಮಾಡಬಹುದು. ಅವನ್ನು ಮೊದಲು ವಿಚಾರಿಸದೆ ಅರಕ್ಕೆ ತಲೆಯೊಡ್ಡುವುದು ಜಾಣತನವಲ್ಲ.

ಆದುದರಿಂದ ವೈದ್ಯರ ಮುಂದೆ ಕುಳಿತಾಗ ಎಷ್ಟು ಖರ್ಚಾಗುವುದೆಂದು ಕೇಳುವ ಮುನ್ನ, ‘ನನ್ನ ಹಲ್ಲು ಎಷ್ಟು ಉಳಿಯುವುದು?’ ಎಂದು ಕೇಳುವುದನ್ನು ಹಳೆಯ ವಿದ್ಯಾರ್ಥಿಗಳು ರೂಢಿಸಿಕೊಳ್ಳಲಿ. ಶಿಕ್ಷಕಬಂಧುಗಳು ಮಕ್ಕಳ ಹಲ್ಲಿನ ಹುಳುಕು ಚಿಕ್ಕದಿರುವಾಗಲೇ ಪೋಷಕರಿಗೆ ತಿಳಿಸಲಿ. ದಾನಿಗಳು ವರ್ಷಕ್ಕೊಮ್ಮೆ ಶಾಲೆಯಲ್ಲಿ ದಂತಪರೀಕ್ಷೆ ನಡೆಯುವಂತೆ ನೆರವಾದರೆ, ಎಷ್ಟೋ ಮಕ್ಕಳು ಮುಂದೆ ಕ್ಯಾಪಿನ ಮಾತೇ ಇಲ್ಲದೆ ಬಾಳಬಲ್ಲರು. ಹುಟ್ಟಿನೊಡನೆ ಬಂದ ಸಂಪತ್ತನ್ನು ಮಿತವಾಗಿ ಕಳೆದು ಹಿತವಾಗಿ ಉಳಿಸಿಕೊಳ್ಳುವುದೇ ವಿವೇಕಿಗಳ ಲಕ್ಷಣ.